ವಂಚಿತರಾಗಲು ಕಾರಣ

ಟಪಾಲಿನ ಕಟ್ಟಿನಲ್ಲಿ ಹನ್ನೊಂದನೆಯ ಲಕೋಟೆಯ ಮೇಲಿದ್ದ ಅಕ್ಷರ ಮಗಳದ್ದು. ಅದನ್ನು ತಿಳಿಯಲು ಅವನು ಹೆಸರು ಓದಬೇಕಾಗಿರಲಿಲ್ಲ. ಕೊಂಬನ್ನು ಬೇಕಾದ್ದಕ್ಕಿಂತ ಉದ್ದ ಎಳೆಯುವ ಕೈ, ಸಾಲು ಮುಗಿಯುವ ಹೊತ್ತಿಗೆ ಬಲಗಡೆ ಒಂಚೂರು ಮೇಲೇರಿಬಿಡುವ ಕೈ, ಈ ನಗರದಲ್ಲಿ ಇನ್ನೊಬ್ಬರದಿರಲಿಕ್ಕೆ ಸಾಧ್ಯವಿರಲಿಲ್ಲ. ಸೀಳಲೆಂದು ಎತ್ತಿದ ಚಾಕು ಕೈಯಲ್ಲೇ ಉಳಿಯಿತು. ಇಪ್ಪತ್ತಮೂರು ವರ್ಷದಿಂದ ಅವನು ಈ ಕಚೇರಿಯ ಟಪಾಲು ಗುಮಾಸ್ತ. ಬಂದ ಲಕೋಟೆ ಸೀಳುವುದು, ಒಳಗಿನ ಕಾಗದಕ್ಕೆ ತಾರೀಖಿನ ಮೊಹರು ಒತ್ತುವುದು, ಆವಕ ಪುಸ್ತಕದಲ್ಲಿ ನಂಬರು ಕೊಟ್ಟು ಬರೆದುಕೊಳ್ಳುವುದು, ಆಮೇಲೆ ಯಾವ ಕಾಗದ ಯಾವ ಮೇಜಿಗೆ ಹೋಗಬೇಕೋ ಅಲ್ಲಿಗೆ ಮುಟ್ಟಿಸುವುದು, ಇಷ್ಟೇ ಕೆಲಸ. ಈ ಊರಿನ ಸಾವಿರಾರು ಜನರ ಗೋಳನ್ನು ಎಲ್ಲರಿಗಿಂತ ಮೊದಲು ಓದುವವನು ತಾನು ಎಂಬ ಸಣ್ಣ ಜಂಬವೂ ಅವನಿಗಿತ್ತು. ಬೇರೆಯವರ ಲಕೋಟೆ ಒಡೆದು ಸಂಬಳ ತೆಗೆದುಕೊಳ್ಳುವ ಭಾಗ್ಯ ಎಷ್ಟು ಜನಕ್ಕಿದೆ ಎಂದು ಹೆಂಡತಿಯ ಮುಂದೆ ಹೇಳಿಕೊಂಡದ್ದೂ ಉಂಟು. ಈಗ ಅತ್ತಿತ್ತ ನೋಡಿ, ಆ ಲಕೋಟೆಯನ್ನು ಶಾಯಿಯ ಪ್ಯಾಡಿನ ಕೆಳಗೆ ತಳ್ಳಿ, ಹನ್ನೆರಡನೆಯದನ್ನು ಎತ್ತಿಕೊಂಡ.

ಮನೆಯಲ್ಲಿ ಒಂದು ಮಾತು ಹೇಳಲಿಲ್ಲವಲ್ಲ ಇವಳು. ಅಪ್ಪ ಕೂತಿರುವ ಮೇಜಿಗೇ ಬಂದು ಬೀಳುತ್ತದೆ ಎಂದು ಗೊತ್ತಿದ್ದೂ ಅಂಚೆಗೆ ಹಾಕಿದ್ದಾಳೆ ಎಂದರೆ ಏನರ್ಥ? ಗೊತ್ತಿಲ್ಲದೆ ಹಾಕಿದಳೋ? ಗೊತ್ತಿಲ್ಲದಿರಲು ಅವಳೇನು ಹಾಲುಗಲ್ಲದ ಕೂಸಲ್ಲ, ಹತ್ತೊಂಬತ್ತು ತುಂಬಿದೆ. ಚಿಕ್ಕವಳಿದ್ದಾಗ ಇದೇ ಮೇಜಿನ ಮೇಲೆ ಕೂತು ಹಳೆಯ ಕಾಗದಗಳ ಬೆನ್ನಿಗೆಲ್ಲ ಮೊಹರು ಒತ್ತಿ ಅಂಗೈ ನೀಲಿ ಮಾಡಿಕೊಂಡವಳು. ಬೆಳಿಗ್ಗೆ ಊಟದ ಡಬ್ಬಿ ಕೈಗೆ ಕೊಡುವಾಗ ಅವಳು ಒಂದು ಗಳಿಗೆ ಹೆಚ್ಚಿಗೆ ಹಿಡಿದುಕೊಂಡಿದ್ದಳೇ? ಹಿಡಿದುಕೊಂಡಿದ್ದಳು ಎಂದು ಈಗ ಅನಿಸುತ್ತಿದೆ. ಆಗ ಅನಿಸಿರಲಿಲ್ಲ. ನೋಡಿದ್ದು ಕೂಡ ಒಂಥರಾ ನೋಡಿದ್ದಳು. ಮುಚ್ಚಳ ಸಡಿಲವಿದೆ, ಚೀಲ ಓರೆ ಮಾಡಬೇಡಿ ಎಂದಿದ್ದಳು. ಆ ಮಾತಿಗೂ ಎರಡು ಅರ್ಥವಿತ್ತೋ ಏನೋ. ಓದಲಿ ಎಂದೇ ಬರೆದಿದ್ದಾಳೆ, ಮುಖಕ್ಕೆ ಹೇಳಲಾಗದ್ದನ್ನು ಸರ್ಕಾರದ ಅರ್ಜಿಯಲ್ಲಿ ಬರೆದು, ಅಂಚೆಚೀಟಿ ಅಂಟಿಸಿ, ಅಪ್ಪನ ಕೈಯಲ್ಲೇ ಮೊಹರು ಒತ್ತಿಸಲು ಹೊರಟಿದ್ದಾಳೆ ಎಂದು ಅವನು ತೀರ್ಮಾನ ಮಾಡಿಬಿಟ್ಟ. ತೀರ್ಮಾನ ಮಾಡಿದ ಮೇಲೆ ಅವನ ಮನಸ್ಸಿಗೆ ಸ್ವಲ್ಪ ಸಮಾಧಾನವಾಗುವುದು ವಾಡಿಕೆ. ಇವತ್ತು ಆಗಲಿಲ್ಲ.

ಯೋಜನೆ ಬಂದು ಎರಡು ವರ್ಷವಾಗಿತ್ತು. ‘ಅವಕಾಶ ವಂಚಿತ ಯುವಜನರ ಶಿಕ್ಷಣ ಯೋಜನೆ’ ಎಂದು ಕಚೇರಿಯ ಮುಂದೆ ದೊಡ್ಡ ಬ್ಯಾನರು ಕಟ್ಟಿದ ದಿನ ಅವನು ಮನಸ್ಸಿನಲ್ಲೇ ನಕ್ಕಿದ್ದ. ಈ ಊರಿನ ಹುಡುಗ ಹುಡುಗಿಯರನ್ನು ಉದ್ಧಾರ ಮಾಡಲು ಬಂದ ಇಂಥ ನಾಲ್ಕು ಯೋಜನೆಗಳನ್ನು ಅವನು ಕಣ್ಣಾರೆ ಕಂಡಿದ್ದ. ಬಂದಾಗ ಹೂಮಾಲೆ, ಹೋಗುವಾಗ ದಾಖಲೆ ಕೋಣೆಯ ಮೂಲೆಯಲ್ಲಿ ದಾರ ಕಟ್ಟಿದ ಕಡತ. ಆದರೆ ಇದು ಸ್ವಲ್ಪ ಬೇರೆ ಜಾತಿಯದ್ದು. ನಡುವೆ ಓದು ಬಿಟ್ಟ ಅರವತ್ತು ಮಂದಿಯನ್ನು ಆರಿಸಿ, ಒಂದು ವರ್ಷ ಓದಿಸಿ, ಪರೀಕ್ಷೆ ಕಟ್ಟಿಸಿ, ತಾಂತ್ರಿಕ ಕಾಲೇಜಿಗೆ ಸೇರಿಸುವವರೆಗೆ ಬಿಡುತ್ತಿರಲಿಲ್ಲ. ಮೊದಲ ತಂಡದಲ್ಲಿ ಇಸ್ತ್ರಿ ಅಂಗಡಿಯವನ ಮಗಳೊಬ್ಬಳು ಆಯ್ಕೆಯಾಗಿ, ಈಗ ನಕ್ಷೆ ಬರೆಯುವ ಕೋರ್ಸಿನಲ್ಲಿದ್ದಳು. ಅವಳು ಸಿಹಿಯ ಡಬ್ಬಿ ಹಿಡಿದು ಕಚೇರಿಗೆ ಬಂದಾಗ ಲಂಚ ಕೊಡಲು ಬಂದಿದ್ದಾಳೆಂದು ಅವನು ಬಾಗಿಲಲ್ಲೇ ತಡೆದಿದ್ದ. ಅವಳು ಪೆಚ್ಚಾಗಿ ನಿಂತದ್ದು ನೋಡಿ ಪಕ್ಕದ ಮೇಜಿನ ಪಿನ್ನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಪಿನ್ನು ಎಂದರೆ ಜಾವಕದ ಗುಮಾಸ್ತ, ಕಚೇರಿಯಿಂದ ಹೊರಗೆ ಹೋಗುವ ಕಾಗದಗಳ ಯಜಮಾನ. ಸದಾ ತುಟಿಯ ನಡುವೆ ಒಂದು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದುದರಿಂದ ಆ ಹೆಸರು.

ಆ ಪಿನ್ನುವೇ ಬ್ಯಾನರಿನ ಪದ ಹಿಡಿದುಕೊಂಡು ಜೋಕು ಹೊಡೆದದ್ದು. “ವಂಚಿತ ಅಂದ್ರೆ ಮೋಸ ಹೋದವರು ಅಲ್ವೇನ್ರೀ? ಮೋಸ ಹೋದವರ ಅರ್ಜಿ ನಿಮ್ಮ ಮೇಜಿಗೆ ಬರುತ್ತೆ. ಮೋಸ ಮಾಡಿದವರ ಅರ್ಜಿ ಯಾವ ಮೇಜಿಗೆ?” ಇಡೀ ಕೋಣೆ ನಕ್ಕಿತ್ತು. ಅವನೂ ನಕ್ಕಿದ್ದ, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ. ಅರ್ಜಿಯ ಆರನೇ ಕಾಲಂ ಬೇರೆ ಇತ್ತು: ‘ಅವಕಾಶದಿಂದ ವಂಚಿತರಾಗಲು ಕಾರಣ (ಸ್ವಂತ ಅಕ್ಷರದಲ್ಲಿ ಬರೆಯುವುದು)’. ಜನ ಅಲ್ಲಿ ಏನೇನೋ ಬರೆಯುತ್ತಿದ್ದರು. ಅಮ್ಮನ ಕಾಯಿಲೆ, ಅಣ್ಣನ ಕುಡಿತ, ಮನೆಯಲ್ಲಿ ಚಿಕ್ಕ ಕೂಸು, ಶಾಲೆ ದೂರ. ಕೆಲವರು ಹೆಸರು ಹಿಡಿದೇ ಬರೆಯುತ್ತಿದ್ದರು, ನಮ್ಮ ಮಾವ, ನಮ್ಮ ದೊಡ್ಡಪ್ಪ, ನಮ್ಮಪ್ಪ. ನಮ್ಮಪ್ಪ ಎಂಬ ಪದ ಕಂಡಾಗಲೆಲ್ಲ ಅವನು ಮೊಹರನ್ನು ತುಸು ಜೋರಾಗಿ ಒತ್ತುತ್ತಿದ್ದ. ಅದು ಆ ಅಪ್ಪಂದಿರ ಮೇಲಿನ ಸಿಟ್ಟು ಎಂದು ಅಂದುಕೊಂಡಿದ್ದ.

ಹದಿನೈದು, ಹದಿನಾರು, ಹದಿನೇಳು. ಮೊಹರು, ನಂಬರು, ಮೊಹರು, ನಂಬರು. ಪ್ಯಾಡು ಆ ಲಕೋಟೆಯ ಮೇಲೆ ಒಂದು ಕಡೆ ಎದ್ದು ಕೂತು, ಪ್ರತಿ ಸಲ ಮೊಹರು ಒತ್ತಿಕೊಂಡಾಗಲೂ ಟಕ್ಕೆಂದು ಅಲ್ಲಾಡುತ್ತಿತ್ತು. ಮೂರು ವರ್ಷದ ಹಿಂದೆ ಶಾಲೆಯ ಗೇಟಿನೆದುರು ನಿಂತಾಗಲೂ ಹೀಗೇ, ಎದೆಯೊಳಗೆ ಏನೋ ಸರಿಯಾಗಿ ಕೂತಿರಲಿಲ್ಲ. ನಾಲ್ಕೂವರೆಗೆ ಗಂಟೆ ಹೊಡೆಯಿತು, ಹುಡುಗಿಯರು ಗುಂಪುಗುಂಪಾಗಿ ಬಂದರು, ಗೇಟು ಖಾಲಿಯಾಯಿತು, ಇವಳಿಲ್ಲ. ಎರಡು ವಾರದಿಂದ ದಿನಾ ಒಂದು ಗಂಟೆ ತಡವಾಗಿ ಬರುತ್ತಿದ್ದಾಳೆ ಎಂದು ಹೆಂಡತಿ ಬಾಯಿತಪ್ಪಿ ಹೇಳಿದ ಮೇಲೆ ಅವನ ತಲೆಯಲ್ಲಿ ಹುಳ ಬಿಟ್ಟಂತಾಗಿತ್ತು. ಒಳಗೆ ಹೋಗಿ ಕೇಳಬಹುದಾಗಿತ್ತು. ಕಾವಲಿನವನು “ಯಾರು ಬೇಕು?” ಎಂದು ಕೇಳಿದಾಗ, ಮಗಳನ್ನು ಹುಡುಕಿಕೊಂಡು ಬಂದ ಅಪ್ಪ ಎಂದು ಹೇಳಲು ನಾಲಿಗೆ ಬರದೆ, ಯಾರೂ ಇಲ್ಲಪ್ಪ, ಸುಮ್ಮನೆ, ಎಂದು ಅಲ್ಲಿಂದ ಕಾಲು ಕಿತ್ತಿದ್ದ. ಶಾಲೆಗೆ ಹಿಂದುಗಡೆಯೂ ಒಂದು ಗೇಟಿದೆ ಎಂಬುದು ದಾರಿಯಲ್ಲಿ ಹೊಳೆಯಿತು. ಹೊಳೆದದ್ದೇ ತಡ, ಆ ಗೇಟಿನಾಚೆ ಯಾರಿರಬಹುದು, ಯಾವ ಗಲ್ಲಿ, ಯಾವ ಸೈಕಲ್ಲು ಎಲ್ಲವನ್ನೂ ಅವನೇ ಕಟ್ಟಿಕೊಂಡ. ಮುಕ್ಕಾಲು ಗಂಟೆ ಕಳೆದು ಅವಳು ಮನೆಗೆ ಬಂದಾಗ ಮುಖದಲ್ಲಿ ಒಂದು ಖುಷಿಯಿತ್ತು. ಅವನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ ಯೂನಿಫಾರ್ಮು ಹಾಕಿಕೊಂಡು ಜಡೆಗೆ ರಿಬ್ಬನ್ನು ಕಟ್ಟುತ್ತ ನಿಂತಿದ್ದವಳಿಗೆ, ಇವತ್ತಿಂದ ಬೇಡ ಎಂದ. ಅವಳು ಯಾಕೆ ಎನ್ನಲಿಲ್ಲ. ಯಾಕೆ ಎನ್ನದೆ ಇದ್ದದ್ದೇ ತಪ್ಪೊಪ್ಪಿಗೆ ಎಂದುಕೊಂಡ. ಶಾಲೆಗೆ ಹೋಗಿ, ‘ಮನೆಯ ಕಾರಣದಿಂದ’ ಎಂದು ಬರೆದುಕೊಟ್ಟು, ಸಹಿ ಮಾಡಿ ಬಂದ. ಮುಖ್ಯೋಪಾಧ್ಯಾಯಿನಿ ಕನ್ನಡಕದ ಮೇಲಿಂದ ನೋಡಿ, ಪರೀಕ್ಷೆಗೆ ನಾಲ್ಕೇ ತಿಂಗಳಿದೆಯಲ್ಲ ಎಂದದ್ದಕ್ಕೆ, ಮನೆ ವಿಷಯ ಮೇಡಂ, ಎಂದಿದ್ದ. ಮನೆ ವಿಷಯ ಎಂದರೆ ಜನ ಮುಂದೆ ಕೇಳುವುದಿಲ್ಲ.

ಒಂದು ತಿಂಗಳಿಗೆ ಸರಿಯಾಗಿ ಶಾಲೆಯಿಂದ ಚೀಟಿ ಬಂತು. ಗ್ರಂಥಾಲಯದ ಎರಡು ಪುಸ್ತಕ ಬಾಕಿ ಇದೆ, ಹಿಂದಿರುಗಿಸಬೇಕು ಎಂದು. ಮಗಳು ಹೊರಗೆ ಹೋಗಿದ್ದಾಗ ಅವಳ ಶಾಲೆಯ ಚೀಲದಿಂದ ಪುಸ್ತಕ ತೆಗೆದುಕೊಂಡು ಅವನೇ ಕೊಡಲು ಹೋದ. ಎರಡೂ ಗಣಿತದ ಅಭ್ಯಾಸ ಪುಸ್ತಕಗಳು. ಮಧ್ಯೆ ಮಧ್ಯೆ ತುಂಡು ಕಾಗದಗಳಲ್ಲಿ ಮಗಳ ಪೆನ್ಸಿಲ್ ಲೆಕ್ಕಗಳು, ಹೊಡೆದುಹಾಕಿದ್ದು, ಮತ್ತೆ ಮಾಡಿದ್ದು, ಕೊನೆಗೆ ಸರಿ ಬಂದದ್ದಕ್ಕೆ ತಾನೇ ಹಾಕಿಕೊಂಡ ಸಣ್ಣ ರೈಟ್ ಗುರುತು. ಗ್ರಂಥಾಲಯದ ಟೀಚರು ಪುಸ್ತಕ ತಿರುಗಿಸಿ ನೋಡಿ, ಹಾಜರಿಯ ದೊಡ್ಡ ರಿಜಿಸ್ಟರನ್ನು ಅವನ ಮುಂದೆ ಎಳೆದು, “ನೋಡಿ, ದಿನಾ ನಾಲ್ಕೂವರೆಯಿಂದ ಐದೂವರೆವರೆಗೆ ಇಲ್ಲೇ ಕೂತಿರ್ತಿದ್ಳು. ಒಂದು ದಿನಾನೂ ತಪ್ಪಿಸಿಲ್ಲ. ಯಾಕೆ ಬಿಡಿಸಿಬಿಟ್ರಿ?” ಎಂದಳು. ಕೊಂಬು ಉದ್ದ ಎಳೆದ ಸಹಿ, ಒಂದರ ಕೆಳಗೆ ಒಂದು, ಹನ್ನೆರಡು ದಿನ. ಅವನು ಗೇಟಿನಲ್ಲಿ ನಿಂತಿದ್ದ ದಿನದ್ದೂ ಇತ್ತು. ರಿಜಿಸ್ಟರಿನಲ್ಲಿ ದಾಖಲಾದದ್ದನ್ನು ಇಲ್ಲ ಎನ್ನುವ ಮನುಷ್ಯನಲ್ಲ ಅವನು. ಜೀವಮಾನವೆಲ್ಲ ನಂಬಿಕೊಂಡು ಬಂದದ್ದು ಅದೊಂದನ್ನೇ. ಅವತ್ತೇ ಅಲ್ಲೇ ಅವಳನ್ನು ವಾಪಸು ಸೇರಿಸಬಹುದಾಗಿತ್ತು. ಇನ್ನೂ ಮೂರು ತಿಂಗಳಿತ್ತು. ಆದರೆ ಹಾಗೆ ಸೇರಿಸಬೇಕಾದರೆ ಮನೆಗೆ ಹೋಗಿ ಬಾಯಿ ಬಿಡಬೇಕಿತ್ತು. ಅವನು ಪುಸ್ತಕ ಕೊಟ್ಟು ರಸೀದಿ ತೆಗೆದುಕೊಂಡು ಬಂದ. ಹೆಂಡತಿ ಕೇಳಿದ್ದಕ್ಕೆ, ಯಾವುದೋ ಕಥೆ ಪುಸ್ತಕ ಎಂದ.

ಆಮೇಲೆ ನೆಂಟರಿಷ್ಟರು ಕೇಳಿದಾಗಲೆಲ್ಲ ಒಂದೇ ಮಾತು: ಅವಳಿಗೇ ಓದು ತಲೆಗೆ ಹತ್ತಲಿಲ್ಲ. ಮೊದಮೊದಲು ಹೇಳುವಾಗ ಬೇರೆ ಕಡೆ ನೋಡುತ್ತಿದ್ದ. ಆರು ತಿಂಗಳಾಗುವ ಹೊತ್ತಿಗೆ ನೀರು ಕುಡಿದಷ್ಟು ಸಲೀಸಾಯಿತು. ಅವಳು ಕೋಣೆಯಲ್ಲೇ ಇದ್ದಾಗಲೂ ಹೇಳಿದ್ದ. ಅವಳು ತಟ್ಟೆ ಲೋಟ ಎತ್ತಿಕೊಂಡು ಒಳಗೆ ಹೋಗಿದ್ದಳು. ಅಪ್ಪನನ್ನು ಹುಟ್ಟಿದಾಗಿನಿಂದ ನೀನು ನೀನು ಎನ್ನುತ್ತಿದ್ದವಳು ಆ ವರ್ಷ ಯಾವಾಗಲೋ ನೀವು ಎನ್ನತೊಡಗಿದಳು. ಅವಳ ಅತ್ತೆ, ಅಂದರೆ ಇವನ ತಂಗಿ, ಹುಡುಗಿ ಎಷ್ಟು ಗಂಭೀರವಾಗಿಬಿಟ್ಟಳು, ಅಪ್ಪನಿಗೆ ಎಂಥ ಮರ್ಯಾದೆ ಕೊಡ್ತಾಳೆ ಎಂದು ಹೊಗಳಿದಳು. ಆ ಮರ್ಯಾದೆ ಅವನಿಗೆ ದಿನಾ ಚುಚ್ಚುತ್ತಿತ್ತು. ಅಮ್ಮನಿಗೆ ಮಾತ್ರ ಈಗಲೂ ನೀನು.

ಗಡಿಯಾರ ಎರಡೂವರೆ ದಾಟಿತ್ತು. ಅರ್ಜಿಗೆ ಇವತ್ತೇ ಕೊನೆಯ ದಿನ. ಸಂಜೆ ಐದಕ್ಕೆ ಮೇಲಿನ ಮಹಡಿಯ ಪರಿಶೀಲನೆಯ ಮೇಡಂ ಮುಂದೆ ಎಲ್ಲ ಇರಬೇಕು, ಅವರು ಇವತ್ತೇ ಅರ್ಹ ಅನರ್ಹ ವಿಂಗಡಿಸಿ ಪಟ್ಟಿಗೆ ಸಹಿ ಹಾಕುತ್ತಾರೆ. ಪಿನ್ನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, “ಏನು ಸ್ವಾಮಿ, ಇವತ್ತು ಪ್ಯಾಡಿನ ಮೇಲೆ ಭಾರೀ ಪ್ರೀತಿ? ಅರ್ಧ ಗಂಟೆಯಿಂದ ಅದನ್ನೇ ಹಿಡ್ಕೊಂಡು ಕೂತಿದ್ದೀರಿ,” ಎಂದ. ಇವನು ನೋಡಿಬಿಟ್ಟನೋ? ನೋಡಿಯೇ ಕೇಳುತ್ತಿದ್ದಾನೋ? ಮೇಜು ಒರೆಸುವ ನೆಪ ಮಾಡಿ ಲಕೋಟೆಯನ್ನು ಆವಕ ಪುಸ್ತಕದೊಳಗೆ ಸೇರಿಸಿ, ಅದನ್ನು ಬಗಲಲ್ಲಿ ಇಟ್ಟುಕೊಂಡು ದಾಖಲೆ ಕೋಣೆಗೆ ಹೋದ. ಅಲ್ಲಿ ಹಳೆಯ ಯೋಜನೆಗಳ ಧೂಳು. ಒಂದು ಕಟ್ಟಿನ ಮೇಲೆ ಕೂತು, ಚಾಕು ಮರೆತು ಬಂದದ್ದರಿಂದ ಬೆರಳಿನಲ್ಲೇ ಲಕೋಟೆ ಹರಿದ. ಹೆಸರು, ವಯಸ್ಸು, ವಿಳಾಸ. ಈಗಿನ ಉದ್ಯೋಗ: ಔಷಧಿ ಅಂಗಡಿಯಲ್ಲಿ ಸಹಾಯಕಿ. ತಂದೆಯ ಉದ್ಯೋಗ: ಗುಮಾಸ್ತ. ಯಾವ ಕಚೇರಿ ಎಂದು ಬರೆದಿರಲಿಲ್ಲ. ಕಣ್ಣು ಆರನೆಯದಕ್ಕೆ ಹೋಗಲು ಒಪ್ಪದೆ ಐದರಲ್ಲೇ ಸುತ್ತಾಡಿ, ಕೊನೆಗೆ ಜಾರಿತು.

‘ಬೇರೆ ಯಾರೂ ಕಾರಣರಲ್ಲ. ನನಗೇ ಓದು ತಲೆಗೆ ಹತ್ತಲಿಲ್ಲ. ಈಗ ಇನ್ನೊಮ್ಮೆ ಪ್ರಯತ್ನ ಮಾಡಬೇಕೆಂದಿದ್ದೇನೆ.’

ಮೊದಲು ಬಂದದ್ದು ನೆಮ್ಮದಿ. ಅದನ್ನು ಅವನು ಮುಂದೆಂದೂ ತನ್ನಿಂದ ಮುಚ್ಚಿಡಲಾರ. ಬೆವರು ಒರೆಸಿಕೊಂಡು, ಸದ್ಯ, ಎಂದು ಬಾಯಿಬಿಟ್ಟೇ ಹೇಳಿದ. ಹೆಸರು ಕೆಡಲಿಲ್ಲ, ಮೇಡಂ ಮುಂದೆ ಮುಖ ತಪ್ಪಿಸಬೇಕಾಗಿಲ್ಲ, ಪಿನ್ನುವಿನ ಬಾಯಿಗೆ ಬೀಳಬೇಕಾಗಿಲ್ಲ. ಆ ನೆಮ್ಮದಿ ಪೂರ್ತಿ ಎದೆಗಿಳಿಯುವ ಮೊದಲೇ ನಿಯಮ ನೆನಪಾಯಿತು. ಸಾವಿರಾರು ಅರ್ಜಿಯಲ್ಲಿ ಅರವತ್ತು ಉಳಿಸಿಕೊಳ್ಳಬೇಕಾದ್ದರಿಂದ ಮೇಲಿನವರು ಮಾಡಿಟ್ಟ ಜರಡಿ ಅದು: ಸ್ವಂತ ಇಚ್ಛೆಯಿಂದ ಓದು ಬಿಟ್ಟವರಿಗೆ ಈ ಯೋಜನೆ ಅನ್ವಯಿಸುವುದಿಲ್ಲ. ಆ ಸುತ್ತೋಲೆಗೆ ನಂಬರು ಕೊಟ್ಟವನೇ ಅವನು. ಆರನೇ ಕಾಲಂನಲ್ಲಿ ‘ನನಗೇ’ ಎಂಬ ಪದ ಕಂಡರೆ ಮೇಡಂ ಮುಂದಿನದನ್ನು ಓದುತ್ತಿರಲಿಲ್ಲ, ಅಡ್ಡಗೆರೆ ಎಳೆದು ಪಕ್ಕಕ್ಕಿಡುತ್ತಿದ್ದರು. ಮುಂದಿನ ವರ್ಷಕ್ಕೆ ಅವಳಿಗೆ ವಯಸ್ಸು ಮೀರುತ್ತದೆ. ಇದೊಂದೇ ಬಾಗಿಲು, ಇವತ್ತು ಐದು ಗಂಟೆಯವರೆಗೆ.

ಯಾಕೆ ಹೀಗೆ ಬರೆದಳು? ಅಪ್ಪನನ್ನು ಕಾಪಾಡಲಿಕ್ಕೋ? ಅವನಿಗೆ ನಂಬಿಕೆ ಬರಲಿಲ್ಲ. ಕಾಪಾಡುವಷ್ಟು ಪ್ರೀತಿಯನ್ನು ಅವನು ಉಳಿಸಿರಲಿಲ್ಲ. ಹಾಗಾದರೆ ಕುಟುಕುವುದಕ್ಕೆ. ಅವನ ಮಾತನ್ನೇ, ಅಕ್ಷರ ಕೂಡ ಬದಲಿಸದೆ, ಅವನ ಕೈಗೇ ವಾಪಸು ಕೊಟ್ಟಿದ್ದಾಳೆ. ತಗೊಳ್ಳಿ, ನಿಮ್ಮದೇ, ಮೊಹರು ಒತ್ತಿ. ಅಥವಾ ನಿಯಮ ಗೊತ್ತಿದ್ದೇ ಬರೆದಳೋ, ಸೀಟು ತಪ್ಪಿಸುವ ಪಾಪವನ್ನೂ ಅಪ್ಪನ ತಲೆಗೇ ಕಟ್ಟುವುದಕ್ಕೆ? ಜೇಬಿನ ಪೆನ್ನು ತೆಗೆದು ನೋಡಿದ. ಅದೇ ನೀಲಿ. ‘ನನಗೇ’ ಹೊಡೆದು ‘ಮನೆಯ ಕಾರಣ’ ಎಂದು ಬರೆದರೆ ಯಾರಿಗೂ ನೋವಿಲ್ಲ, ಯಾರ ಹೆಸರೂ ಇಲ್ಲ. ಆದರೆ ಆ ಕಾಲಂ ತಿದ್ದಿದ್ದರೆ ಕೆಂಪು ಪೆನ್ಸಿಲಿನಲ್ಲಿ ‘ತಿದ್ದಿದೆ’ ಎಂದು ಗುರುತು ಹಾಕಿ ಕಳಿಸಬೇಕಾದವನು ಅವನೇ. ಎರಡು ವರ್ಷದಲ್ಲಿ ನೂರಾರು ಜನಕ್ಕೆ ಹಾಗೆ ಹಾಕಿದ್ದಾನೆ, ಸ್ವಲ್ಪವೂ ಮರುಕವಿಲ್ಲದೆ, ಇವರೆಲ್ಲ ಕಳ್ಳರು ಎಂಬ ಸಂತೋಷದಿಂದ. ಪೆನ್ನು ಜೇಬಿಗೆ ಹಾಕಿಕೊಂಡ. ಮೇಜಿಗೆ ವಾಪಸು ಬಂದು, ಅರ್ಜಿಗೆ ಮೊಹರು ಒತ್ತಿ, ನಂಬರು ಕೊಟ್ಟು, ಮೆಟ್ಟಿಲು ಹತ್ತಿದ.

ಪರಿಶೀಲನೆಯ ಮೇಡಂ ಮೇಜಿನ ಮೇಲೆ ಎರಡು ರಾಶಿ. ಎಡಗಡೆಯದು ಎತ್ತರ, ಬಲಗಡೆಯದು ಕುಳ್ಳ. ಅವರು ಯಾರನ್ನೂ ನಂಬದ ಹೆಂಗಸು ಎಂದು ಪ್ರತೀತಿ. ಅದಕ್ಕೇ ಅವನಿಗೆ ಅವರ ಮೇಲೆ ಗೌರವವಿತ್ತು. ಸಹಿಗೆಂದು ಪಿನ್ನು ಕೂಡ ಅಲ್ಲೇ ಬಂದು ನಿಂತಿದ್ದ. ಇವನು ಬಂದದ್ದನ್ನು ನೋಡಿ ಹೋಗುತ್ತಾನೆಂದು ಕಾದರೆ, ಅವನು ಕಾಗದಗಳನ್ನು ಒಂದೊಂದಾಗಿ ಜೋಡಿಸತೊಡಗಿದ.

“ಏನು ಟಪಾಲಿನವರೇ?”

“ಮೇಡಂ, ಇದು ನನ್ನ ಮಗಳ ಅರ್ಜಿ. ಆರನೇ ಕಾಲಂನಲ್ಲಿ ಬರೆದಿದ್ದು ಸರಿ ಇಲ್ಲ. ಅವಳಾಗಿ ಬಿಟ್ಟಿದ್ದಲ್ಲ. ನಾನೇ ಬಿಡಿಸಿದ್ದು.”

ಮೇಡಂ ಓದಿದರು. ಓದಿ, ಅವನ ಮುಖ ನೋಡಿ, ನಕ್ಕರು. ಅವರು ನಕ್ಕದ್ದನ್ನು ಅವನು ಅದೇ ಮೊದಲು ನೋಡಿದ್ದು. “ಇಪ್ಪತ್ತು ವರ್ಷದಿಂದ ಇಲ್ಲೇ ಇದೀನಿ ಕಣ್ರೀ. ಅಪ್ಪ ಅಮ್ಮ ಏನೇನು ಸುಳ್ಳು ಹೇಳ್ತಾರೆ ಅಂತ ನನಗೆ ಗೊತ್ತಿಲ್ವಾ? ರೂಲ್ಸು ಗೊತ್ತಿರೋರು ನೀವು, ಮಗಳಿಗೆ ಸೀಟು ಹೋಗುತ್ತೆ ಅಂತ ನಿಮ್ಮ ಮೇಲೆ ಹಾಕ್ಕೊಳ್ತಿದ್ದೀರಿ.”

“ಸುಳ್ಳಲ್ಲ ಮೇಡಂ. ಅವಳ ಮೇಲೆ ಅನುಮಾನ ಪಟ್ಟೆ. ಶಾಲೆ ಬಿಟ್ಟ ಮೇಲೆ ಎಲ್ಲಿಗೋ ಹೋಗ್ತಾಳೆ ಅಂತ. ಅವಳು ಗ್ರಂಥಾಲಯದಲ್ಲಿ ಲೆಕ್ಕ ಮಾಡ್ತಿದ್ಳು.” ಮಾತು ಹೊರಗೆ ಬಂದಾಗ ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ, ಮೂರು ವರ್ಷ ಹೊತ್ತುಕೊಂಡು ತಿರುಗಿದ್ದು ಇಷ್ಟೇನಾ ಎಂದು ಅವನಿಗೇ ಅನುಮಾನವಾಯಿತು.

ಪಿನ್ನು ತುಟಿಯಿಂದ ಸೂಜಿ ತೆಗೆದ. “ಬಿಡಿ ಮೇಡಂ, ಪಾಪ. ಇಂಥ ಅಪ್ಪ ಸಿಗಬೇಕಂದ್ರೆ ಪುಣ್ಯ ಮಾಡಿರಬೇಕು. ಮಗಳಿಗೋಸ್ಕರ ತನ್ನ ಮಾನ ಕಳ್ಕೊಳ್ಳೋಕೂ ತಯಾರಿದ್ದಾರೆ ನೋಡಿ.” ಗೇಲಿ ಇರಬಹುದೆಂದು ಅವನು ಪಿನ್ನುವಿನ ಕಣ್ಣು ಹುಡುಕಿದ. ಇರಲಿಲ್ಲ. ನಿಜವಾಗಿಯೂ ಕಣ್ಣು ತುಂಬಿಕೊಂಡಿತ್ತು ಆ ಮನುಷ್ಯನದು. ಒಳ್ಳೆಯವನೆಂದು ಹೊಗಳಿಸಿಕೊಳ್ಳುವುದು ಇಷ್ಟು ಅವಮಾನದ ಸಂಗತಿ ಎಂದು ಅವನಿಗೆ ಗೊತ್ತಿರಲಿಲ್ಲ. ಶಾಲೆಗೆ ಬರೆದುಕೊಟ್ಟ ಕಾಗದ ತರಿಸಬಹುದು ಎಂದ. ತರಿಸಿದರೆ ಅದರಲ್ಲೂ ‘ಮನೆಯ ಕಾರಣ’ ಎಂದಷ್ಟೇ ಇರುತ್ತದೆಂದು ಹೇಳುತ್ತಿರುವಾಗಲೇ ಹೊಳೆಯಿತು. ಅವತ್ತು ಅಷ್ಟು ಜಾಣನಾಗಿದ್ದ.

“ಒಂದು ಕೆಲಸ ಮಾಡಿ,” ಎಂದರು ಮೇಡಂ, ಅರ್ಜಿಯನ್ನು ಎರಡೂ ರಾಶಿಯಿಂದ ದೂರ ಇಟ್ಟು. “ಹುಡುಗಿ ಬರಲಿ. ಐದರೊಳಗೆ. ನನ್ನ ಮುಂದೆ ಅವಳ ಬಾಯಲ್ಲಿ ಹೇಳಲಿ, ಇವರು ಬಿಡಿಸಿದ್ರು, ಇಂಥ ಕಾರಣಕ್ಕೆ ಅಂತ. ಹೇಳಿಕೊಟ್ಟು ಕರ್ಕೊಂಡು ಬಂದ್ರೆ ನನಗೆ ಗೊತ್ತಾಗುತ್ತೆ.”

ಔಷಧಿ ಅಂಗಡಿ ಆಸ್ಪತ್ರೆಯ ಎದುರಿನ ಸಾಲಿನಲ್ಲಿ. ಬಸ್ಸು ಹಿಡಿದರೆ ಎರಡೇ ನಿಲ್ದಾಣ, ಆದರೂ ಅವನು ನಡೆದ. ದಾರಿಯುದ್ದಕ್ಕೂ ಹೊಸ ಹುಳ. ಅವಳು ಬರುವುದಿಲ್ಲ ಎಂದರೆ? ಬಂದು, ನಮ್ಮಪ್ಪ ಸುಳ್ಳು ಹೇಳುತ್ತಿದ್ದಾರೆ ಎಂದರೆ? ಅದನ್ನು ಹೇಳಿ ಮನೆಗೆ ಬಂದು ಮೊದಲಿನಂತೆ ಡಬ್ಬಿ ತೊಳೆದಿಟ್ಟರೆ? ಪ್ರತಿಯೊಂದಕ್ಕೂ ಅವನ ಹತ್ತಿರ ಉತ್ತರವಿತ್ತು, ಕೊನೆಗೆ ಅಂಗಡಿಯ ಮುಂದೆ ನಿಂತಾಗ ಒಂದೂ ನೆನಪಿಗೆ ಬರಲಿಲ್ಲ. ಬಿಳಿ ಕೋಟು ಹಾಕಿಕೊಂಡು ಅವಳು ಡಾಕ್ಟರ ಚೀಟಿ ಓದುತ್ತಿದ್ದಳು. ಡಾಕ್ಟರಿಗೇ ಓದಲಾಗದ ಅಕ್ಷರವನ್ನು ಇವಳು ಓದುತ್ತಾಳೆ ಎಂದು ಮಾಲೀಕ ಒಮ್ಮೆ ಹೇಳಿದ್ದ. ಏನೋ ಬೆಣ್ಣೆ ಹಚ್ಚುತ್ತಿದ್ದಾನೆ, ಇವನ ಉದ್ದೇಶವೇನು ಎಂದು ಆಗ ಯೋಚಿಸಿದ್ದ. ಗಿರಾಕಿಗಳ ಹಿಂದೆ ಸಾಲಿನಲ್ಲಿ ನಿಂತ. ಮುಂದೆ ಒಬ್ಬ ಮುದುಕಿ, ಅವಳ ಮುಂದೆ ಕೈಗೆ ಪಟ್ಟಿ ಸುತ್ತಿಕೊಂಡ ಡ್ರೈವರು.

ಡ್ರೈವರು ಹೋದ. ಅವಳು ತಲೆಯೆತ್ತಿದಾಗ ಅಪ್ಪ ಕಂಡ. “ಏನಾಯ್ತು? ಅಮ್ಮ ಹುಷಾರಾಗಿದ್ದಾಳೆ ತಾನೇ?”

“ಹುಷಾರಾಗಿದ್ದಾಳೆ. ನಿನ್ನ ಅರ್ಜಿ ಬಂತು.”

ಮುದುಕಿಯ ಚೀಟಿ ಕೈಗೆ ತೆಗೆದುಕೊಂಡು, ಅವಳು ಮಾತ್ರೆಯ ಪಟ್ಟಿ ಹುಡುಕಿ, ಕತ್ತರಿ ಹಿಡಿದಳು. “ಓದಿದ್ರಾ?”

“ಓದಿದೆ. ಆರನೆಯದರಲ್ಲಿ ಯಾಕೆ ಹಾಗೆ ಬರೆದೆ?”

“ಹೇಗೆ?”

“ನನಗೇ ಓದು ತಲೆಗೆ ಹತ್ತಲಿಲ್ಲ ಅಂತ. ಹಾಗೆ ಬರೆದ್ರೆ ಸೀಟು ಕೊಡಲ್ಲ. ನಾನು ಮೇಡಂಗೆ ಹೇಳಿದೆ, ನಾನೇ ಬಿಡಿಸಿದ್ದು ಅಂತ. ಅವರು ನಂಬಲಿಲ್ಲ. ನೀನು ಬಂದು ಹೇಳಬೇಕಂತೆ.” ಇಷ್ಟು ಹೇಳಿ, ಅವಳ ಮುಖದಲ್ಲಿ ಕುಟುಕಿದವರ ತೃಪ್ತಿಯೋ, ಕಾಪಾಡಿದವರ ದೊಡ್ಡಸ್ತಿಕೆಯೋ ಒಂದು ಕಾಣುತ್ತದೆಂದು ನೋಡಿದ. ಅವಳ ಮುಖದಲ್ಲಿ ಇದ್ದದ್ದು ಗಲಿಬಿಲಿ ಮಾತ್ರ.

“ಬಿಡಿಸಿದ್ದು ನೀವೇ. ಆದ್ರೆ ನನಗೆ ತಲೆ ಇಲ್ಲ ಅಂತ ತಾನೇ ಬಿಡಿಸಿದ್ದು? ಅರ್ಧವಾರ್ಷಿಕದಲ್ಲಿ ಗಣಿತದಲ್ಲಿ ಫೇಲಾಗಿದ್ದೆ. ಕಾರ್ಡಿಗೆ ನೀವು ಸಹಿ ಹಾಕಿ ಕೊಟ್ರಿ, ಏನೂ ಅನ್ನಲಿಲ್ಲ. ಆಮೇಲೆ ಎರಡು ಮೂರು ವಾರಕ್ಕೆ ಬೇಡ ಅಂದ್ರಿ. ಅಷ್ಟರೊಳಗೆ ಕಲಿತುಬಿಡ್ತೀನಿ ಅಂದ್ಕೊಂಡಿದ್ದೆ, ಆಗಲಿಲ್ಲ.”

ಅವನಿಗೆ ಆ ಕಾರ್ಡು ನೆನಪೇ ಇರಲಿಲ್ಲ. ಸಹಿ ಹಾಕಿದ್ದಿರಬೇಕು, ಸಹಿ ಕೇಳಿದ ಕಡೆಯಲ್ಲೆಲ್ಲ ಹಾಕುವುದು ಅವನ ಅಭ್ಯಾಸ. ಇವಳು ಮೂರು ವರ್ಷದಿಂದ ತಟ್ಟೆ ಲೋಟ ಎತ್ತಿಕೊಂಡು ಒಳಗೆ ಹೋದದ್ದು ಸಿಟ್ಟಿನಿಂದಲ್ಲ, ನಾಚಿಕೆಯಿಂದ. ನೆಂಟರ ಮುಂದೆ ಅಪ್ಪ ಹೇಳುತ್ತಿದ್ದುದನ್ನು ಅವಳು ಕೇಳಿಸಿಕೊಂಡದ್ದು ಅಪ್ಪನ ಸುಳ್ಳೆಂದಲ್ಲ, ತನ್ನ ನಿಜವೆಂದು. ಅವಳು ದೂರಿಲ್ಲ, ಕಾಪಾಡಿಲ್ಲ, ಕುಟುಕಿಲ್ಲ. ಕೇಳಿದ ಪ್ರಶ್ನೆಗೆ ತನಗೆ ಗೊತ್ತಿದ್ದ ಉತ್ತರ ಬರೆದಿದ್ದಾಳೆ. ಮುದುಕಿ ತಿರುಗಿ, “ಯಜಮಾನರೇ, ನಿಮಗೇನು ಬೇಕೋ ಮೊದಲು ತಗೊಳ್ಳಿ, ನನಗೇನು ಅವಸರ ಇಲ್ಲ,” ಎಂದಳು. ಅವನಿಗೆ ಅಲ್ಲಿಂದ ಎಲ್ಲಿಗಾದರೂ ಓಡಿಹೋಗಬೇಕೆನಿಸಿತು.

“ಅದಕ್ಕಲ್ಲ,” ಎಂದ.

“ಏನು ಅದಕ್ಕಲ್ಲ?”

“ಗಣಿತಕ್ಕಲ್ಲ. ನೀನು ಸಂಜೆ ತಡವಾಗಿ ಬರ್ತಿದ್ದೆ. ಯಾರ ಜೊತೆಗೋ ತಿರುಗ್ತಿದ್ದೀಯ ಅಂದ್ಕೊಂಡೆ. ಗೇಟಿನ ಹತ್ತಿರ ಬಂದು ನಿಂತಿದ್ದೆ. ನೀನು ಒಳಗೇ ಇದ್ದೆ.”

ಕತ್ತರಿ ಪಟ್ಟಿಯ ಅರ್ಧದಲ್ಲಿ ನಿಂತಿತು. ಮುದುಕಿ ಈಗ ಕೇಳಿಸಿಕೊಳ್ಳುತ್ತಿರುವುದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಮಗಳು ಅರ್ಧ ಕತ್ತರಿಸಿದ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ, ಎಳೆಯ ಮಕ್ಕಳು ಕೇಳುವ ಹಾಗೆ, ಸ್ವಲ್ಪವೂ ಸಿಟ್ಟಿಲ್ಲದೆ ಕೇಳಿದಳು:

“ಅಂದ್ರೆ ನನಗೆ ಓದು ತಲೆಗೆ ಹತ್ತುತ್ತಿತ್ತಾ?”

“ಹತ್ತುತ್ತಿತ್ತು.”

“ನಿಮಗೆ ಹೇಗೆ ಗೊತ್ತು?”

ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಅನುಮಾನದ ಕಥೆಯಷ್ಟೇ ಸಾಕಿತ್ತು ಮೇಡಂಗೆ. ಅನುಮಾನ ಪಡದ ಅಪ್ಪ ಯಾರಿದ್ದಾರೆ, ಜನ ಅದನ್ನು ಕ್ಷಮಿಸಿಯೂ ಬಿಡುತ್ತಾರೆ. “ನಿನ್ನ ಪುಸ್ತಕ ನಾನೇ ವಾಪಸು ಕೊಡೋಕೆ ಹೋಗಿದ್ದೆ. ಲೆಕ್ಕ ಎಲ್ಲ ನೋಡಿದೆ. ಕೊನೆಕೊನೆಯವು ಸರಿ ಇದ್ದವು. ಟೀಚರು ರಿಜಿಸ್ಟರು ತೋರಿಸಿದ್ರು.”

“ಯಾವಾಗ?”

“ತಿಂಗಳಿಗೆ.”

“ಬಿಡಿಸಿದ ತಿಂಗಳಿಗಾ?”

“ಹೂಂ.”

ಅವಳು ಮಾತ್ರೆಯ ಪಟ್ಟಿಯನ್ನು ಪೂರ್ತಿ ಕತ್ತರಿಸಿ, ಪೊಟ್ಟಣಕ್ಕೆ ಹಾಕಿ, ಬೆಳಿಗ್ಗೆ ಒಂದು ಸಂಜೆ ಒಂದು ಎಂದು ಮುದುಕಿಗೆ ಎರಡು ಸಲ ಹೇಳಿ ಕೊಟ್ಟಳು. ಒಳಗೆ ಹೋಗಿ ಮಾಲೀಕನ ಹತ್ತಿರ ಏನೋ ಅಂದಳು. ಕೋಟು ಬಿಚ್ಚಿ ಮೊಳೆಗೆ ಹಾಕಿದಳು. ಅವನ ಕಡೆ ನೋಡದೆಯೇ, “ಆಫೀಸು ಎಷ್ಟಕ್ಕೆ ಮುಚ್ಚುತ್ತೆ?” ಎಂದಳು. ಐದಕ್ಕೆ ಎಂದ. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಬಸ್ ನಿಲ್ದಾಣ ದಾಟಿ ಅವಳು ಬಿರಬಿರನೆ ಮುಂದೆ ನಡೆದಳು, ಅವನು ನಾಲ್ಕು ಹೆಜ್ಜೆ ಹಿಂದೆ. ಅವಳು ಅಳುತ್ತಿದ್ದಳೋ ಇಲ್ಲವೋ ಹಿಂದಿನಿಂದ ತಿಳಿಯಲಿಲ್ಲ, ತಿಳಿಯಲು ಮುಂದೆ ಹೋಗುವ ಧೈರ್ಯ ಅವನಿಗಿರಲಿಲ್ಲ.

ರಸ್ತೆ ದಾಟಲು ನಿಂತಾಗ ಅವಳು ತಿರುಗದೆಯೇ ಹೇಳಿದಳು:

“ಆ ತಿಂಗಳ ವಿಷಯಾನೂ ಹೇಳ್ತೀನಿ. ಎಲ್ಲರ ಮುಂದೆ.”

“ಹೇಳು,” ಎಂದ ಅವನು.